ಬೇಟೆಗೆ ಹೋಗಿಬರಲು ಗಾಡಿ: ಪಿಕಪ್ಪೋ, ವ್ಯಾಗನ್ನೋ? ಏನೇನು ಹಾಕಿಸಬೇಕು, ಏನು ಬೇಡ?

ಕಾಡುದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೇಟೆಗೆ ಪರವಾನಗಿ ಸಿಗುವ ಕಡೆ, ಋತು ತೆರೆದಿರುವಾಗ ಹೋಗಿಬರಲು ಒಂದು ಫೋರ್ ವೀಲ್ ಡ್ರೈವ್ ಗಾಡಿ ನೋಡುತ್ತಿದ್ದೇವೆ. ಮೂರು ಜನ, ಮೂರು ರಾತ್ರಿ. ಟಾರು ಮುಗಿದ ಮೇಲೆ 60 ಕಿ.ಮೀ. ಮಣ್ಣುದಾರಿ, ಅದರಲ್ಲಿ ಕೊನೆಯ 10-12 ಕಿ.ಮೀ. ಕಲ್ಲು, ಕೆಸರು, ಒಂದೆರಡು ಹಳ್ಳ. ಮಿಕ ಅಂದರೆ ಜಿಂಕೆ, ಹಂದಿ. ಕರುಳು ತೆಗೆದ ಮೇಲೆ 60ರಿಂದ 120 ಕೆ.ಜಿ. ತೂಗುವಂಥವು.

ಮನಸ್ಸಿನಲ್ಲಿರುವುದು ಡೀಸೆಲ್ ಡಬಲ್ ಕ್ಯಾಬ್ ಪಿಕಪ್. ಅದಕ್ಕೆ ಕ್ಯಾನೊಪಿ (ತೊಟ್ಟಿಯ ಮೇಲಿನ ಮುಚ್ಚಳ), ಹಿಂದೆ ಡ್ರಾಯರ್, ಗಾಡಿಯ ಮೂತಿಗೆ ಸ್ಟೀಲ್ ಬುಲ್‌ಬಾರ್, ವಿಂಚ್ (ಹಗ್ಗ ಸುತ್ತಿ ಹೂತ ಗಾಡಿ ಎಳೆಯುವ ಯಂತ್ರ), ಎರಡನೇ ಬ್ಯಾಟರಿ, 45 ಲೀಟರ್ ಫ್ರಿಜ್, ಚಾವಣಿ ಮೇಲೆ ಟೆಂಟ್, ಗಾಡಿ ಎತ್ತರಿಸಲು 50 ಮಿ.ಮೀ. ಲಿಫ್ಟ್, ಮಡ್ ಟೈರ್. ಮಿಕವನ್ನು ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್‌ಗೆ ಸಿಕ್ಕಿಸುವ ರ‍್ಯಾಕ್ ಮೇಲೆ ಕಟ್ಟಿ ತರುವುದು ಅಂತ ಯೋಚನೆ.

ಮೂರು ಪ್ರಶ್ನೆ. ಪಿಕಪ್ ಸರಿಯೋ, ತೊಟ್ಟಿಯಿಲ್ಲದೆ ಪೂರ್ತಿ ಮುಚ್ಚಿದ ವ್ಯಾಗನ್ ಸರಿಯೋ, ಇಲ್ಲ ಜಿಮ್ನಿಯಂಥ ಚಿಕ್ಕ ಗಾಡಿಯೇ ಸಾಕೋ? ಮೇಲಿನ ಪಟ್ಟಿಯಲ್ಲಿ ಮೊದಲು ಯಾವುದು ಹಾಕಿಸಬೇಕು? ಮಾಂಸ ಕೆಡದಂತೆ ತರಲು ಆ ಫ್ರಿಜ್ ಸಾಕಾಗುತ್ತದೆಯೇ?

---

ಚಾಸಿನಂಬರ್ ಉತ್ತರ:

ಪಟ್ಟಿ ನೋಡಿದರೆ ಹೋಗುವಾಗಿನ ಗಾಡಿ ಚೆನ್ನಾಗಿ ತಯಾರಾಗಿದೆ. ಆದರೆ ಬೇಟೆಯ ಗಾಡಿ ಆರಿಸಬೇಕಾದ್ದು ಬರುವಾಗಿನ ತೂಕ ನೋಡಿ. ಒಮ್ಮೆ ಕೂಡಿಸಿ ನೋಡೋಣ.

ಮಧ್ಯಮ ಗಾತ್ರದ ಡಬಲ್ ಕ್ಯಾಬ್ ಒಂದರ ಖಾಲಿ ತೂಕ ಸುಮಾರು 2100 ಕೆ.ಜಿ., ಒಟ್ಟು ತೂಕದ ಮಿತಿ 3050 ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರುವುದು 950. ಮೂರು ಜನಕ್ಕೆ 255, ಅವರ ಚೀಲ, ಕೋವಿ, ತೋಟೆ 60. ಕ್ಯಾನೊಪಿ 80. ಡ್ರಾಯರ್ 80. ಬುಲ್‌ಬಾರ್ ಮತ್ತು ವಿಂಚ್ 85. ಎರಡನೇ ಬ್ಯಾಟರಿ 30. ತುಂಬಿದ ಫ್ರಿಜ್ 45. ನೀರು 60 ಲೀಟರ್, ಅಂದರೆ 60 ಕೆ.ಜಿ. ಎರಡು ಜೆರ್ರಿ ಕ್ಯಾನ್ ಡೀಸೆಲ್ 42 (ಡೀಸೆಲ್ ಲೀಟರಿಗೆ 0.84 ಕೆ.ಜಿ.ಯಷ್ಟು ತೂಗುತ್ತದೆ, ಮೇಲೆ ಡಬ್ಬಿಯ ತೂಕ). ಹೂತ ಗಾಡಿ ಎಳೆಯುವ ಸಾಮಾನು, ಪಾನೆ-ಸ್ಪ್ಯಾನರ್ 45. ಎರಡನೇ ಸ್ಟೆಪ್ನಿ 35. ಮೇಲಿನ ರ‍್ಯಾಕ್ ಮತ್ತು ಟೆಂಟ್ 90. ಒಲೆ, ಪಾತ್ರೆ, ಕುರ್ಚಿ 40. ಒಟ್ಟು 947.

ಉಳಿದದ್ದು 3 ಕೆ.ಜಿ. ಅಷ್ಟರಲ್ಲಿ ಮೊಲ ತರಬಹುದು.

ಮಿತಿ ಮೀರಿದರೆ ಆಗುವುದೇನು? ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕು, ಗುಂಡಿಯಲ್ಲಿ ಸ್ಪ್ರಿಂಗ್ ತಳ ಬಡಿಯುತ್ತದೆ, ಟೈರಿನ ಪಕ್ಕೆ ಕಾಯುತ್ತದೆ. ಡಬಲ್ ಕ್ಯಾಬ್‌ಗಳಲ್ಲಿ ಇನ್ನೊಂದು ರೋಗವಿದೆ: ಕ್ಯಾಬಿನ್ನಿನ ಹಿಂದೆ, ತೊಟ್ಟಿ ಶುರುವಾಗುವಲ್ಲಿ ಚಾಸಿ ಬಾಗುವುದು. ಭಾರವೆಲ್ಲ ಹಿಂದಿನ ಆಕ್ಸಲ್‌ನಿಂದ ಆಚೆ ಇದ್ದು, ಲೀಫ್ ಸ್ಪ್ರಿಂಗ್ ಜೊತೆಗೆ ಅದಕ್ಕೆ ಆಸರೆಯಾಗಿ ಗಾಳಿ ತುಂಬುವ ಏರ್‌ಬ್ಯಾಗ್ ಕೂಡ ಹಾಕಿಸಿದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಲೀಫ್ ಸ್ಪ್ರಿಂಗ್ ತನ್ನ ಎರಡೂ ತುದಿಯಲ್ಲಿ ಭಾರ ಹಂಚಿ ಕೊಡುತ್ತದೆ. ಏರ್‌ಬ್ಯಾಗ್ ಚಾಸಿಯ ಒಂದೇ ಜಾಗಕ್ಕೆ ಗುದ್ದುತ್ತದೆ.

ಹಿಚ್ ರ‍್ಯಾಕ್ ವಿಷಯವೂ ಇದೇ. 150 ಕೆ.ಜಿ. ಭಾರ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆ ನೇತಾಡುತ್ತಿದೆ, ವೀಲ್‌ಬೇಸ್ 3.1 ಮೀಟರ್ ಅಂದರೆ, ಹಿಂದಿನ ಆಕ್ಸಲ್ ಮೇಲೆ ಬೀಳುವುದು 150 ಅಲ್ಲ, 208. ಆ ಹೆಚ್ಚಿನ 58 ಕೆ.ಜಿ. ಮುಂದಿನ ಚಕ್ರಗಳಿಂದ ಎತ್ತಿಕೊಂಡಿದ್ದು. ಸ್ಟೀರಿಂಗ್ ಹಗುರ, ಹೆಡ್‌ಲೈಟ್ ಮರದ ತುದಿಗೆ. ಜೊತೆಗೆ ಹಳ್ಳ ಹತ್ತುವಾಗ ರ‍್ಯಾಕ್ ನೆಲಕ್ಕೆ ತಾಗುತ್ತದೆ, ನಂಬರ್ ಪ್ಲೇಟು, ಹಿಂದಿನ ದೀಪ ಮುಚ್ಚುತ್ತದೆ, 60 ಕಿ.ಮೀ. ಧೂಳು ಮತ್ತು ಸೈಲೆನ್ಸರ್ ಹೊಗೆ ನೇರ ಮಾಂಸಕ್ಕೆ. ರ‍್ಯಾಕ್ ಬೇಡ. ಮಿಕದ ಜಾಗ ತೊಟ್ಟಿಯೊಳಗೆ, ಸಾಧ್ಯವಾದಷ್ಟು ಕ್ಯಾಬಿನ್ ಗೋಡೆಗೆ ಹತ್ತಿರ.

ಈಗ ಗಾಡಿ. ಜಿಮ್ನಿ ಮಣ್ಣುದಾರಿಯಲ್ಲಿ ಅದ್ಭುತ. ಗೇರ್ ಅನುಪಾತ ನೋಡಿ, ಮೊದಲ ಗೇರ್ 4.425, ನಿಧಾನ ಓಟದ ಲೋ ರೇಂಜ್ 2.002, ಆಕ್ಸಲ್ 4.09: ಗುಣಿಸಿದರೆ ಸುಮಾರು 36, ಅಂದರೆ ಎಂಜಿನ್ 36 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು, ಅಷ್ಟು ಹಗುರ ಗಾಡಿಗೆ ಧಾರಾಳ. ಆದರೆ ಹೊರುವ ಶಕ್ತಿ 350 ಕೆ.ಜಿ.ಯ ಆಸುಪಾಸು. ಮೂವರು ಕೂತರೆ 90-95 ಉಳಿಯುತ್ತದೆ, ಸಾಮಾನು ಇಡಲು ಹಿಂದೆ ಜಾಗವೂ ಇಲ್ಲ. ಇಬ್ಬರು, ಒಂದು ರಾತ್ರಿ, ಚಿಕ್ಕ ಮಿಕ ಎಂದಾದರೆ ಸರಿ.

ವ್ಯಾಗನ್ ಓಡಿಸಲು ಸುಖ, ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಚಕ್ರ ನೆಲ ಬಿಡುವುದು ಕಡಿಮೆ, ಸಾಮಾನು ಬೀಗದೊಳಗೆ. ಆದರೆ ಮಿಕವೂ ನಿಮ್ಮ ಜೊತೆ ಒಂದೇ ಕೋಣೆಯಲ್ಲಿ. ರಕ್ತ, ವಾಸನೆ, ಉಣ್ಣೆಹುಳು. ಉಣ್ಣೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ, ಮೈ ತಣ್ಣಗಾಗುತ್ತಿದ್ದಂತೆ ಅವು ಇಳಿದು ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತವೆ. ಮಾಂಸವನ್ನು ಅಲ್ಲೇ ಬಿಡಿಸಿ ಪೆಟ್ಟಿಗೆಗೆ ತುಂಬಿಯೇ ತರುತ್ತೇವೆ ಅನ್ನುವವರಿಗೆ ಮಾತ್ರ ವ್ಯಾಗನ್, ಅದೂ ಸೀಟಿನ ಹಿಂದೆ ಕಬ್ಬಿಣದ ಜಾಲರಿ ಹಾಕಿಸಿ.

ನಿಮ್ಮ ಲೆಕ್ಕಕ್ಕೆ ಪಿಕಪ್ ಸರಿ. ಪಟ್ಟಿಯಿಂದ ತೆಗೆಯಬೇಕಾದ್ದು: ಚಾವಣಿ ಟೆಂಟ್ ಮತ್ತು ರ‍್ಯಾಕ್ (90 ಉಳಿಯಿತು, ಬೇಟೆಯಲ್ಲಿ ಬೆಳಗಿನ ಜಾವ ಗಾಡಿ ಹೊರಡಬೇಕು, ಟೆಂಟ್ ಗಾಡಿಯ ಮೇಲಿದ್ದರೆ ದಿನಾ ಮಡಚಬೇಕು). ಡ್ರಾಯರ್ ಬದಲು ಎರಡು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ (65 ಉಳಿಯಿತು, ತೊಟ್ಟಿಯ ನೆಲವೂ ತೊಳೆಯಲು ಸಿಕ್ಕಿತು). ಬುಲ್‌ಬಾರ್-ವಿಂಚ್ ಬದಲು ಕೈಯಿಂದ ಎಳೆಯುವ ತಂತಿ ವಿಂಚ್, 20 ಕೆ.ಜಿ. (65). ಒಟ್ಟು 220 ಕೈಗೆ ಬಂತು. ಇನ್ನು ಜಿಂಕೆಯೂ ಹಿಡಿಸುತ್ತದೆ, ಐಸೂ ಹಿಡಿಸುತ್ತದೆ.

50 ಮಿ.ಮೀ. ಲಿಫ್ಟ್ ನೋಡಲು ಚೆಂದ. ನಿಮಗೆ ಬೇಕಿರುವುದು ಎತ್ತರವಲ್ಲ, ಸದಾ ಇರುವ ಭಾರಕ್ಕೆ ತಕ್ಕ ಸ್ಪ್ರಿಂಗ್. ಮೊದಲು ಸಾಮಾನೆಲ್ಲ ಹಾಕಿ ತೂಗಿ, ಆಮೇಲೆ ಹಿಂದಿನ ಸ್ಪ್ರಿಂಗ್ ಆರಿಸಿ. 300 ಕೆ.ಜಿ. ಸದಾ ಭಾರಕ್ಕೆ ಮಾಡಿದ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಹಿಂಬದಿ ಕುದುರೆಯ ಹಾಗೆ ಒದೆಯುತ್ತದೆ, ಏರಿನಲ್ಲಿ ಹಿಡಿತವೂ ತಪ್ಪುತ್ತದೆ.

---

ಹಬ್‌ಲಾಕ್ ಉತ್ತರ:

ಚಾಸಿನಂಬರ್ ಸರ್ ತೂಕದ ಬಗ್ಗೆ ಹೇಳಿದ್ದಕ್ಕೆ ಸೇರಿಸುವುದೇನಿಲ್ಲ. ಮೊದಲು ಏನು ಹಾಕಿಸಬೇಕು ಅನ್ನುವುದಕ್ಕೆ: ಟೈರು, ಗಾಳಿ ಅಳೆಯುವ ಮೀಟರ್, ಕಂಪ್ರೆಸರ್, ಹಿಂದಿನ ಡಿಫರೆನ್ಷಿಯಲ್ ಲಾಕ್. ಇದೇ ಕ್ರಮದಲ್ಲಿ. ಉಳಿದದ್ದೆಲ್ಲ ಆಮೇಲೆ.

ಡಿಫ್ ಲಾಕ್, ಅಂದರೆ ಆಕ್ಸಲ್ಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಬೀಗ ಹಾಕುವುದು, ಯಾಕೆ? ಸಾದಾ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದಷ್ಟೇ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ, ಇನ್ನೊಂದಕ್ಕೂ ಸಿಗುತ್ತದೆ. ಈಗಿನ ಗಾಡಿಗಳ ಟ್ರ್ಯಾಕ್ಷನ್ ಕಂಟ್ರೋಲ್ ಸುತ್ತುತ್ತಿರುವ ಚಕ್ರಕ್ಕೆ ಬ್ರೇಕ್ ಹಿಡಿದು ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಚಕ್ರ ಮೊದಲು ಸುತ್ತಲೇಬೇಕು. ಕೆಸರಿನಲ್ಲಿ ಆ ಸುತ್ತಿನಲ್ಲೇ ಗುಂಡಿ ತೋಡಿಯಾಗಿರುತ್ತದೆ. ಲಾಕನ್ನು ಅಡ್ಡಿ ಬರುವ ಮೊದಲೇ, ಗಾಡಿ ನಿಧಾನವಾಗಿದ್ದಾಗ ಹಾಕಿ. ಸ್ಟೀರಿಂಗ್ ತಿರುಗಿಸಬೇಕಾದ ಕಡೆ ತೆಗೆಯಿರಿ. ಪಾರ್ಟ್ ಟೈಂ ಫೋರ್ ವೀಲ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ) ಇರುವ ಪಿಕಪ್ ಆದರೆ ಒಣ ಟಾರಿನ ಮೇಲೆ ಫೋರ್ ಹೈ (ಸಾಮಾನ್ಯ ವೇಗದ ಫೋರ್ ವೀಲ್) ಕೂಡ ಬೇಡ. ತಿರುವಿನಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳು ಬೇರೆಬೇರೆ ದೂರ ಓಡುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಆ ವ್ಯತ್ಯಾಸವೆಲ್ಲ ಪ್ರೊಪೆಲ್ಲರ್ ಶಾಫ್ಟಿನಲ್ಲಿ ತಿರುಚಿಕೊಂಡು ಕೂರುತ್ತದೆ.

ಟೈರು: ಮಡ್ ಟೈರ್ ಬೇಡ, ಆಲ್ ಟೆರೇನ್, ಎಲ್‌ಟಿ (ಲೈಟ್ ಟ್ರಕ್) ಅಂತ ಗುರುತಿರುವ ಗಟ್ಟಿ ಪಕ್ಕೆಯದು. ಕಲ್ಲುದಾರಿಯಲ್ಲಿ ಹರಿಯುವುದು ಪಕ್ಕೆಯೇ ಹೊರತು ಮೇಲ್ಮೈ ಅಲ್ಲ, ಪಕ್ಕೆ ಹರಿದರೆ ಪಂಕ್ಚರ್ ಬತ್ತಿ ನಿಲ್ಲುವುದಿಲ್ಲ. ಮಡ್ ಟೈರು ಟಾರಿನಲ್ಲಿ ಗುಂಯ್‌ಗುಡುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಬೇಟೆಯ ಜಾಗದ ಹತ್ತಿರ ಅದರ ಸದ್ದೂ ಒಂದು ತಲೆನೋವು. 265/65 ಆರ್ 17 ಇರುವ ಗಾಡಿಗೆ 265/70 ಆರ್ 17 ಹಾಕಿದರೆ ವ್ಯಾಸ 776 ಮಿ.ಮೀ.ನಿಂದ 803ಕ್ಕೆ ಏರುತ್ತದೆ. ಆಕ್ಸಲ್ ಕೆಳಗೆ 13 ಮಿ.ಮೀ. ಹೆಚ್ಚು ಜಾಗ, ಸ್ಪೀಡೋಮೀಟರ್ 3.3 ಶೇಕಡ ಕಡಿಮೆ ತೋರಿಸುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಒಳಗಿನ ಲೈನರ್ ಉಜ್ಜುತ್ತದೆಯೇ ನೋಡಿ, ಭಾರ ತುಂಬಿದಾಗಲೂ ನೋಡಿ. ಸ್ಟೆಪ್ನಿಯೂ ಅದೇ ಅಳತೆಯದಿರಲಿ.

ಗಾಳಿ: ಟಾರಿನಲ್ಲಿ ಭಾರಕ್ಕೆ ತಕ್ಕ ಹಾಗೆ 36-40 ಪಿಎಸ್‌ಐ. ಗಟ್ಟಿ ಮಣ್ಣು, ಜಲ್ಲಿ 26-28. ಕಲ್ಲು, ಕೆಸರು 20-22. ಸಡಿಲ ಮರಳು 15-18. ಇಳಿಸಿದಷ್ಟೂ ವೇಗವೂ ಇಳಿಯಬೇಕು. 18ಕ್ಕಿಂತ ಕೆಳಗೆ ಗಂಟೆಗೆ 30-40 ಕಿ.ಮೀ. ಮೀರಬೇಡಿ, ತಟ್ಟನೆ ತಿರುಗಿಸಿದರೆ ಟೈರು ರಿಮ್ ಬಿಟ್ಟು ಬರುತ್ತದೆ. ವಾಪಸ್ ಬರುವಾಗ ಹಿಂದೆ ಮಿಕ ಇರುವುದರಿಂದ ಹಿಂದಿನ ಎರಡಕ್ಕೆ 3-4 ಪಿಎಸ್‌ಐ ಹೆಚ್ಚಿಡಿ.

ಹೂತಾಗ ಬೇಕಾಗುವುದು ಇಷ್ಟೇ: ಉದ್ದ ಹಿಡಿಯ ಗುದ್ದಲಿ ಅಥವಾ ಸಲಿಕೆ ಒಂದು, ಚಕ್ರದಡಿ ಹಾಕುವ ಪ್ಲಾಸ್ಟಿಕ್ ಹಲಗೆ ಒಂದು ಜೊತೆ, 9 ಮೀಟರಿನ ಹಿಗ್ಗುವ ಹಗ್ಗ ಒಂದು, ಹಿಗ್ಗದ ಉದ್ದ ಪಟ್ಟಿ ಒಂದು, ಮರಕ್ಕೆ ಸುತ್ತುವ ಅಗಲ ಪಟ್ಟಿ ಒಂದು, 3.25 ಟನ್ ಗುರುತಿರುವ ಅಥವಾ ಅದಕ್ಕಿಂತ ಗಟ್ಟಿಯಾದ ಶಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ) ಎರಡು, ರಾಟೆ ಒಂದು, ದಪ್ಪ ಚರ್ಮದ ಕೈಗವಸು, ಬಾಟಲ್ ಜಾಕ್, ಅದರಡಿ ಇಡಲು 40 ಸೆ.ಮೀ. ಚೌಕದ 18 ಮಿ.ಮೀ. ಪ್ಲೈವುಡ್. ಹಗ್ಗದ ಹರಿಯುವ ಮಿತಿ ಗಾಡಿಯ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಲಿ: 3 ಟನ್ ಗಾಡಿಗೆ 8 ಟನ್ ಹಗ್ಗ ಸರಿ. ಹೆಚ್ಚು ದಪ್ಪ ತಂದರೆ ಹಿಗ್ಗುವುದೇ ಇಲ್ಲ, ಜರ್ಕ್ ನೇರ ಚಾಸಿಗೆ.

ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಟ್ರೇಲರ್ ಸಿಕ್ಕಿಸುವ ಗುಂಡಿಗೆ (ಟೋ ಬಾಲ್) ಹಗ್ಗ ಹಾಕಿ ಎಳೆಯಬೇಡಿ. ಅದು ಮುರಿದರೆ ಹಿಗ್ಗಿದ ಹಗ್ಗ ಅದನ್ನು ಗುಂಡಿನ ಹಾಗೆ ಹಾರಿಸುತ್ತದೆ; ಹೀಗೆ ಜನ ಸತ್ತಿದ್ದಾರೆ. ಗಾಡಿ ಹಡಗಿನಲ್ಲಿ ಬರುವಾಗ ಬಿಗಿಯಲು ಇರುವ ತೆಳು ಕೊಕ್ಕೆಗಳೂ ಎಳೆಯಲು ಅಲ್ಲ. ಮುಂದೆ, ಹಿಂದೆ ಚಾಸಿಗೆ ಬೋಲ್ಟ್ ಆದ, ಭಾರದ ಗುರುತಿರುವ ಕೊಕ್ಕೆ ಇದೆಯೇ ಅಂತ ಕೊಳ್ಳುವ ಮೊದಲೇ ನೋಡಿ. ಎಳೆಯುವ ಮುನ್ನ ಚಕ್ರದ ಮುಂದಿನ ಮಣ್ಣು ತೋಡಿ, ಗಾಳಿ ಇಳಿಸಿ. ಅಷ್ಟರಲ್ಲೇ ಬಹಳ ಸಲ ಹಗ್ಗವೇ ಬೇಕಾಗುವುದಿಲ್ಲ.

ವಿಂಚ್ ಬೇಡ ಅಂದದ್ದಕ್ಕೆ ಮಾತ್ರ ನನ್ನದು ಅರ್ಧ ಒಪ್ಪಿಗೆ. ಎರಡು ಗಾಡಿ ಜೊತೆಯಾಗಿ ಹೋಗುವುದಾದರೆ ಬೇಡವೇ ಬೇಡ. ಒಂಟಿ ಗಾಡಿ, ಹಳ್ಳವಿರುವ ದಾರಿ ಆದರೆ ಕೈ ವಿಂಚ್ ಬಹಳ ನಿಧಾನ. ಹಾಕಿಸುವುದಾದರೆ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಶಕ್ತಿಯದು, ಅಂದರೆ 4.5 ಟನ್. ಆ ಅಂಕಿ ಡ್ರಮ್ಮಿನ ತೀರಾ ಒಳಸುತ್ತಿಗೆ ಮಾತ್ರ. ಹೊರಗಿನ ಪ್ರತಿ ಸುತ್ತಿಗೆ ಹತ್ತು ಶೇಕಡಕ್ಕೂ ಹೆಚ್ಚು ಇಳಿಯುತ್ತದೆ. ಅದಕ್ಕೇ ಉದ್ದ ಬಿಚ್ಚಿ, ರಾಟೆ ಹಾಕಿ ಎಳೆಯುವುದು. ಪೂರ್ತಿ ಭಾರದಲ್ಲಿ ಅದು 400 ಆಂಪಿಯರ್‌ವರೆಗೆ ಹೀರುತ್ತದೆ, ಎಂಜಿನ್ ಓಡುತ್ತಿರಲಿ, ನಡುನಡುವೆ ಬಿಡುವು ಕೊಡಿ. ಸ್ಟೀಲ್ ತಂತಿ ಬದಲು ಸಿಂಥೆಟಿಕ್ ಹಗ್ಗ ಹಾಕಿಸಿದರೆ ತೂಕವೂ ಕಡಿಮೆ, ಹರಿದರೆ ಅಪಾಯವೂ ಕಡಿಮೆ.

---

ಎರೆಮಣ್ಣು ಉತ್ತರ:

ಹಬ್‌ಲಾಕ್ ಅಣ್ಣ, ಮಡ್ ಟೈರ್ ಬೇಡ ಅಂತ ಸಾರಾಸಗಟಾಗಿ ಹೇಳುವ ಹಾಗಿಲ್ಲ. ಕೆಸರು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಮೇಲೆ ತೆಳ್ಳಗೆ ಕೆಸರು, ಕೆಳಗೆ ಗಟ್ಟಿ ನೆಲ ಇದ್ದರೆ ಆಲ್ ಟೆರೇನ್ ಸಾಕು. ಜಿಗುಟು ಜೇಡಿಯಲ್ಲಿ ಅದರ ಗೆರೆಗಳು ಎರಡೇ ಸುತ್ತಿನಲ್ಲಿ ತುಂಬಿ ಟೈರು ನುಣ್ಣಗಾಗುತ್ತದೆ. ಮಡ್ ಟೈರಿನ ಅಗಲ ಗೆರೆ ತಿರುಗುವಾಗ ಮಣ್ಣನ್ನು ಎಸೆಯುತ್ತದೆ. ಬೇಟೆಯ ಋತು ಮಳೆಯಲ್ಲಿ ಬಿದ್ದು, ದಾರಿ ಜೇಡಿಯದಾದರೆ ಮಡ್ ಟೈರೇ ಸರಿ.

ಇನ್ನೊಂದು, ಆಲ್ ಟೆರೇನ್ ಆದರೂ ಅರ್ಧ ಸವೆದದ್ದನ್ನು ಕೆಸರಿಗೆ ನಂಬಬೇಡಿ. ಟಾರಿನಲ್ಲಿ ಇನ್ನೂ ಬೇಕಾದಷ್ಟು ಓಡುವ ಟೈರು ಕೆಸರಿನಲ್ಲಿ ಆಗಲೇ ಮುಗಿದಿರುತ್ತದೆ.

---

ಹಬ್‌ಲಾಕ್:

ಜೇಡಿಗೆ ಒಪ್ಪಿದೆ. ದಾರಿಯ ಮಣ್ಣು ಒಂದು ಹಿಡಿ ಒದ್ದೆ ಮಾಡಿ ಉಂಡೆ ಕಟ್ಟಿ, ಬಳ್ಳಿಯ ಹಾಗೆ ಹೊಸೆಯಿರಿ. ಹೊಸೆದದ್ದು ಮುರಿಯದೆ ಬಾಗಿದರೆ ಎರೆಮಣ್ಣು ಅವರು ಹೇಳಿದ್ದು, ಪುಡಿಯಾದರೆ ನಾನು ಹೇಳಿದ್ದು.

---

ತಣ್ಣನೆಪೆಟ್ಟಿಗೆ ಉತ್ತರ:

ಮಾಂಸದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಅದೇ ಮುಖ್ಯ.

45 ಲೀಟರ್ ಫ್ರಿಜ್ ಸಾಕಾಗುವುದಿಲ್ಲ. ಜಾಗ ಸಾಲದು ಅನ್ನುವುದು ಒಂದಾದರೆ, ಅದಕ್ಕಿಂತ ದೊಡ್ಡದು ಅದರ ತಾಕತ್ತು. ತಣ್ಣಗಿರುವುದನ್ನು ತಣ್ಣಗೆ ಇಡಲು ಮಾಡಿದ ಯಂತ್ರ ಅದು. ಲೆಕ್ಕ ನೋಡಿ: 40 ಕೆ.ಜಿ. ಮಾಂಸವನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಬೇಕು. ಮಾಂಸದ ಉಷ್ಣ ಧಾರಣೆ ಕಿಲೋಗೆ, ಡಿಗ್ರಿಗೆ ಸುಮಾರು 3.5 ಕಿಲೋಜೂಲ್. 40 × 3.5 × 31, ಅಂದರೆ 4340 ಕಿಲೋಜೂಲ್ ಹೊರಗೆ ಹಾಕಬೇಕು. ಇಂಥ ಫ್ರಿಜ್ 65 ವಾಟ್‌ನಷ್ಟು ಶಾಖ ಎಳೆಯುತ್ತದೆ ಅಂದುಕೊಂಡರೂ ಹದಿನೆಂಟು ಗಂಟೆ ಬಿಡುವಿಲ್ಲದೆ ಓಡಬೇಕು. ಅಷ್ಟರಲ್ಲಿ ತೊಡೆಯ ಮೂಳೆಯ ಸುತ್ತ ಹುಳಿ ವಾಸನೆ ಶುರುವಾಗಿರುತ್ತದೆ.

ಐಸ್ ಕರಗುವಾಗ ಕಿಲೋಗೆ 334 ಕಿಲೋಜೂಲ್ ಹೀರುತ್ತದೆ. ಅದೇ 4340ಕ್ಕೆ 13 ಕೆ.ಜಿ. ಐಸ್. ಪೆಟ್ಟಿಗೆ ಸೋರುವ ಶಾಖಕ್ಕೆ, ದಾರಿಗೆ ಅಂತ ಸೇರಿಸಿ 22-25 ಕೆ.ಜಿ. ಒಯ್ಯಿರಿ. 100 ಲೀಟರ್ ಪೆಟ್ಟಿಗೆಯಲ್ಲಿ ಮಾಂಸ, ಐಸ್ ಎರಡೂ ಹಿಡಿಸುತ್ತವೆ. ರಾತ್ರಿ ತಣ್ಣಗಿರುವ ಕಾಲವಾದರೆ ಇನ್ನೂ ಸುಲಭ: ಚರ್ಮ ಸುಲಿದು, ಗಾಳಿಯಾಡುವ ಬಟ್ಟೆ ಚೀಲದಲ್ಲಿ ನೆರಳಲ್ಲಿ ತೂಗುಹಾಕಿ ಬೆಳಗ್ಗೆಗೆ 15 ಡಿಗ್ರಿಗೆ ಇಳಿದರೆ ಉಳಿದ ಕೆಲಸಕ್ಕೆ 5 ಕೆ.ಜಿ. ಐಸ್ ಸಾಕು.

ಐಸ್ ಅಂದರೆ 2 ಲೀಟರ್ ಬಾಟಲಿಗಳಲ್ಲಿ ನೀರು ಗಟ್ಟಿಮಾಡಿದ್ದು, ಹನ್ನೆರಡು ಬಾಟಲಿ. ನೀರು ಗಟ್ಟಿಯಾದಾಗ ಶೇಕಡ 9ರಷ್ಟು ಹಿಗ್ಗುತ್ತದೆ, ಕುತ್ತಿಗೆಯಿಂದ ನಾಲ್ಕು ಬೆರಳು ಖಾಲಿ ಬಿಡಿ. ಬಿಡಿ ಐಸಿನ ತೊಂದರೆ ಅಂದರೆ ಕರಗಿದ ನೀರು ಮಾಂಸಕ್ಕೆ ತಾಗಿ ಬಿಳಿಚಿಕೊಳ್ಳುತ್ತದೆ, ಬೇಗ ಕೆಡುತ್ತದೆ. ಬಾಟಲಿಯಾದರೆ ಕರಗಿದ್ದು ಕುಡಿಯುವ ನೀರು, ನಿಮ್ಮ 60 ಲೀಟರಿನಲ್ಲಿ ಅಷ್ಟು ಕಡಿಮೆ ಮಾಡಬಹುದು. ಪೆಟ್ಟಿಗೆಯ ತಳದಲ್ಲಿ ಒಂದು ಜಾಲರಿ ಇಡಿ, ರಕ್ತ ಕೆಳಗೆ ಇಳಿಯಲಿ, ದಿನಕ್ಕೆರಡು ಸಲ ತೂಬು ತೆಗೆದು ಬಸಿಯಿರಿ. ಬಿಸಿ ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಲೇಬೇಡಿ.

ಹಾಗಾಗಿ ಮೂರು ರಾತ್ರಿಯ ಪ್ರವಾಸಕ್ಕೆ ಫ್ರಿಜ್ಜೂ ಬೇಡ, ಎರಡನೇ ಬ್ಯಾಟರಿಯೂ ಬೇಡ. ಅವೆರಡರ 75 ಕೆ.ಜಿ. ಜಾಗಕ್ಕೆ 100 ಲೀಟರ್ ಪೆಟ್ಟಿಗೆ ಒಂದು, ಊಟದ ಸಾಮಾನಿಗೆ ಚಿಕ್ಕದೊಂದು. ಎರಡನ್ನೂ ಬೇರೆಬೇರೆ ಇಡಿ, ಊಟದ ಪೆಟ್ಟಿಗೆ ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತೀರಿ.

ಫ್ರಿಜ್ ಇರಲೇಬೇಕು ಅಂತಿದ್ದರೆ: ಸರಾಸರಿ ಒಂದೂವರೆ ಆಂಪಿಯರ್ ಅಂದರೂ ದಿನಕ್ಕೆ 36 ಆಂಪಿಯರ್ ಅವರ್. 100 ಆಂಪಿಯರ್ ಅವರ್‌ನ ಎಜಿಎಂ (ಮುಚ್ಚಿದ ಸೀಸದ) ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಒಂದು ದಿನ ಚಿಲ್ಲರೆ ಬರುತ್ತದೆ. ಲಿಥಿಯಂ ಆದರೆ ಎರಡು ದಿನ, ತೂಕ ಅರ್ಧಕ್ಕೂ ಕಡಿಮೆ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಚಳಿಗಾಲದ ಬೇಟೆಗೆ ಹೀಟರ್ ಇರುವ ಲಿಥಿಯಂ ತೆಗೆದುಕೊಳ್ಳಿ. ಈಗಿನ ಆಲ್ಟರ್ನೇಟರುಗಳು ಮುಖ್ಯ ಬ್ಯಾಟರಿ ತುಂಬಿದೊಡನೆ ವೋಲ್ಟೇಜ್ ಇಳಿಸುತ್ತವೆ, ನೇರ ತಂತಿ ಎಳೆದರೆ ಹಿಂದಿನ ಬ್ಯಾಟರಿ ಎಂದೂ ತುಂಬುವುದಿಲ್ಲ. ನಡುವೆ ವೋಲ್ಟೇಜ್ ಮತ್ತೆ ಏರಿಸಿಕೊಡುವ 25 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಬೇಕು. ಮುಂದಿನಿಂದ ಹಿಂದಕ್ಕೆ 6 ಮೀಟರ್ ತಂತಿ, ಹೋಗಿಬರಲು 12. 6 ಚದರ ಮಿ.ಮೀ. ತಾಮ್ರದಲ್ಲಿ 25 ಆಂಪಿಯರ್ ಹರಿದರೆ 0.86 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 16 ಚದರ ಮಿ.ಮೀ.ನಲ್ಲಿ 0.32. ಎರಡನೆಯದೇ ಹಾಕಿಸಿ. ಫ್ಯೂಸ್ ಎರಡೂ ಬ್ಯಾಟರಿಗಳ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಲಿ. ತಂತಿ ಉಜ್ಜಿ ಚಾಸಿಗೆ ತಾಗಿದರೆ ಸುಡುವುದು ಬ್ಯಾಟರಿಗೂ ಫ್ಯೂಸಿಗೂ ನಡುವಿನ ಭಾಗವೇ.

---

ಕಾಡುದಾರಿ:

ಎಲ್ಲರಿಗೂ ಧನ್ಯವಾದ. ಟೆಂಟ್, ಡ್ರಾಯರ್, ಫ್ರಿಜ್, ಹಿಚ್ ರ‍್ಯಾಕ್ ಪಟ್ಟಿಯಿಂದ ಹೋದವು. ಇನ್ನೆರಡು ಕೇಳಬೇಕಿತ್ತು. ತೊಟ್ಟಿಯ ಎತ್ತರ 85 ಸೆ.ಮೀ. ಇದೆ. 120 ಕೆ.ಜಿ.ಯ ಮಿಕವನ್ನು ಇಬ್ಬರು ಮೇಲೇರಿಸುವುದು ಹೇಗೆ? ಕೋವಿಗಳನ್ನು ಗಾಡಿಯಲ್ಲಿ ಎಲ್ಲಿ, ಹೇಗೆ ಇಡಬೇಕು?

---

ಚಾಸಿನಂಬರ್:

ಎತ್ತಬೇಡಿ, ಜಾರಿಸಿ. 2.4 ಮೀಟರ್ ಹಲಗೆ ಓರೆಯಾಗಿಟ್ಟು, ಮಿಕವನ್ನು ದಪ್ಪ ಪ್ಲಾಸ್ಟಿಕ್ ಜಾರುಗಾಡಿಯ ಮೇಲೆ ಕಟ್ಟಿದರೆ ಘರ್ಷಣೆ ಸೇರಿ ಎಳೆಯಬೇಕಾದ ಬಲ 75 ಕೆ.ಜಿ. ಆಸುಪಾಸು. ಕ್ಯಾಬಿನ್ ಗೋಡೆಯ ಹತ್ತಿರ ತೊಟ್ಟಿಯ ನೆಲದಲ್ಲಿರುವ ಕೊಕ್ಕೆಗೆ ಹಗ್ಗದ ತುದಿ ಕಟ್ಟಿ, ಜಾರುಗಾಡಿಯ ಮೂತಿಗೆ ರಾಟೆ ಸಿಕ್ಕಿಸಿ, ಹಗ್ಗ ಅದರಲ್ಲಿ ಸುತ್ತಿ ವಾಪಸ್ ಬರಲಿ. ಬಲ ಅರ್ಧವಾಯಿತು. ಒಬ್ಬರು ಎಳೆದರೆ ಇನ್ನೊಬ್ಬರು ಪಕ್ಕದಿಂದ ದಾರಿ ತಪ್ಪದಂತೆ ಹಿಡಿಯಬಹುದು. ಹಲಗೆಯ ಕೆಳಗೆ, ಮಿಕದ ಹಿಂದೆ ಯಾರೂ ನಿಲ್ಲಬಾರದು. ಅದೇ ಜಾರುಗಾಡಿ ಕಾಡಿನಿಂದ ಗಾಡಿಯವರೆಗೆ ಎಳೆದು ತರಲೂ ಆಯಿತು.

ಮೇಲೇರಿಸಿದ ಮೇಲೆ ನಾಲ್ಕು ಕೊಕ್ಕೆಗೆ ಎರಡು ರ‍್ಯಾಚೆಟ್ ಪಟ್ಟಿ ಅಡ್ಡಡ್ಡ ಬಿಗಿಯಿರಿ. ತೊಟ್ಟಿಯೊಳಗೆ ಕಾರ್ಪೆಟ್ ಬೇಡ, ರಬ್ಬರ್ ಹಾಸು ಸಾಕು, ಅದನ್ನು ಎತ್ತಿ ತೊಳೆಯಲು ಬರಬೇಕು. ರಕ್ತದಲ್ಲಿ ಉಪ್ಪಿದೆ, ಬಣ್ಣ ಎದ್ದ ಕಡೆ ಒಂದೇ ಋತುವಿನಲ್ಲಿ ತುಕ್ಕು ಹಿಡಿಯುತ್ತದೆ. ತೊಳೆಯುವುದು ತಣ್ಣೀರಿನಲ್ಲಿ, ಬಿಸಿನೀರು ಹಾಕಿದರೆ ರಕ್ತ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಸೋಪು. ನೀರು ಹೊರಹೋಗುವ ತೂತುಗಳಿಗೆ ಬಿರಡೆ ಇರಲಿ, ದಾರಿಯುದ್ದ ರಕ್ತ ತೊಟ್ಟಿಕ್ಕಿಸಿಕೊಂಡು ಬರುವುದು ಬೇಡ.

---

ಮೌನಮೂಲೆ ಉತ್ತರ:

ಕೋವಿಯ ಬಗ್ಗೆ. ಕಾನೂನು ಒಂದೊಂದು ಕಡೆ ಒಂದೊಂದು ಥರ, ಹೋಗುವ ಜಾಗದ್ದನ್ನು ಓದಿಕೊಳ್ಳಿ. ಗಾಡಿಯಲ್ಲಿ ತೋಟೆ ತುಂಬಿದ ಕೋವಿ, ಗಾಡಿಯಿಂದ ಅಥವಾ ರಸ್ತೆಯಿಂದ ಗುಂಡು ಹಾರಿಸುವುದು, ರಾತ್ರಿ ಲೈಟ್ ಬಿಟ್ಟು ಬೇಟೆಯಾಡುವುದು ಬಹಳ ಕಡೆ ಅಪರಾಧ. ಹಾಗಾಗಿ ಚಾವಣಿಯ ಲೈಟ್‌ಬಾರ್ ಅನ್ನುವುದನ್ನೂ ಮರೆತುಬಿಡಿ. ಬಾನೆಟ್ಟಿನ ಮೇಲೆ ಬಿದ್ದು ಕಣ್ಣಿಗೇ ಹೊಡೆಯುತ್ತದೆ, ನೋಡಿದವರಿಗೆ ಅನುಮಾನವೂ ಬರುತ್ತದೆ.

ಇಡುವ ಕ್ರಮ: ತೋಟೆ ತೆಗೆದು, ಚೇಂಬರ್ ಕಣ್ಣಲ್ಲಿ ನೋಡಿ, ಬೆರಳು ಹಾಕಿ ನೋಡಿ, ಬೋಲ್ಟ್ ಬೇರೆ ತೆಗೆಯಬಹುದಾದರೆ ತೆಗೆದು, ಒಳಗೆ ಫೋಮ್ ಇರುವ ಗಟ್ಟಿ ಪೆಟ್ಟಿಗೆಯಲ್ಲಿ ಬೀಗ. ತೋಟೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಕೋವಿ ಪೆಟ್ಟಿಗೆ ಹಿಂದಿನ ಸೀಟಿನ ಅಡಿಗೆ ಅಥವಾ ಹಿಂದಕ್ಕೆ, ಗಾಜಿನಿಂದ ಕಾಣದ ಹಾಗೆ, ಉಕ್ಕಿನ ಕೇಬಲ್‌ನಿಂದ ಸೀಟಿನ ಕಬ್ಬಿಣಕ್ಕೆ ಕಟ್ಟಿ. ಕಿಟಕಿಗೆ ಹಾಕುವ ಸ್ಟ್ಯಾಂಡ್ ಕಳ್ಳರಿಗೆ ಕೊಟ್ಟ ಆಹ್ವಾನ. ಪೆಟ್ಟಿಗೆಯಲ್ಲಿ ಕೋವಿಯ ಮೇಲಿನ ದುರ್ಬೀನು ಮೇಲ್ಮುಖವಾಗಿರಲಿ, ಅದರ ಮೇಲೆ ಏನನ್ನೂ ಹೇರಬೇಡಿ. ಜಲ್ಲಿದಾರಿಯ ಅದುರಿಗೆ ದುರ್ಬೀನಿನ ಸ್ಕ್ರೂ ಸಡಿಲವಾಗುತ್ತದೆ, ತಲುಪಿದ ಮೇಲೆ ಟಾರ್ಕ್ ಪಾನೆಯಿಂದ ಒಮ್ಮೆ ನೋಡಿ, ಅನುಮತಿ ಇರುವ ಜಾಗದಲ್ಲಿ ಗುರಿ ಪರೀಕ್ಷಿಸಿ. ಚಳಿಯಿಂದ ಬಂದ ಕೋವಿಯನ್ನು ಹೀಟರ್ ಹಾಕಿದ ಕ್ಯಾಬಿನ್ನಿನಲ್ಲಿ ಬಿಚ್ಚಿಡಬೇಡಿ, ಗಾಜಿನ ಮೇಲೂ ನಳಿಗೆಯೊಳಗೂ ಹನಿ ಕಟ್ಟುತ್ತದೆ. ಪೆಟ್ಟಿಗೆಯೊಳಗೇ ಮೆಲ್ಲನೆ ಬೆಚ್ಚಗಾಗಲಿ.

ಸದ್ದು: ಬಾಗಿಲು ತೆರೆದಾಗಿನ ಕಿಣಿಕಿಣಿ, ಬೀಗ ಹಾಕಿದಾಗಿನ ಹಾರ್ನ್, ತಾನಾಗಿ ಹತ್ತುವ ದೀಪ ಇವನ್ನು ಸೆಟ್ಟಿಂಗ್ಸ್‌ನಲ್ಲಿ ಮನೆಯಲ್ಲೇ ಆರಿಸಿಕೊಳ್ಳಿ. ಒಳದೀಪ ಕೆಂಪು ಬಣ್ಣದ್ದು ಹಾಕಿಸಿ.

ಕೊನೆಯದಾಗಿ, ನಿಮ್ಮದು ಡೀಸೆಲ್, ಆದ್ದರಿಂದ ಒಣಹುಲ್ಲು. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನ ಮಸಿ ಸುಡುವಾಗ ಅದರೊಳಗೆ 600 ಡಿಗ್ರಿಯ ಹತ್ತಿರ ಇರುತ್ತದೆ. ಸೊಂಟದೆತ್ತರ ಹುಲ್ಲಿನಲ್ಲಿ ಗಾಡಿ ನಿಲ್ಲಿಸಿ ಹೊರಟರೆ ವಾಪಸ್ ಬರುವಾಗ ಗಾಡಿ ಇರುವುದಿಲ್ಲ, ಕಾಡೂ ಇರುವುದಿಲ್ಲ. ನಿಲ್ಲಿಸುವುದು ಬರಿ ಮಣ್ಣಿನ ಮೇಲೆ. ಹುಲ್ಲುದಾರಿಯಲ್ಲಿ ಓಡಿದ ಮೇಲೆ ಬಗ್ಗಿ ನೋಡಿ, ತಳದ ತಗಡಿಗೂ ಸೈಲೆನ್ಸರ್‌ಗೂ ನಡುವೆ ಸಿಕ್ಕ ಹುಲ್ಲನ್ನು ಕೋಲಿನಿಂದ ಎಳೆದು ತೆಗೆಯಿರಿ. ಎರಡು ಕಿಲೋ ಪೌಡರ್ ಸಿಲಿಂಡರ್ ಡ್ರೈವರ್ ಕೈಗೆ ಸಿಗುವ ಹಾಗಿರಲಿ, ಸಾಮಾನಿನ ಅಡಿಯಲ್ಲಿ ಬೇಡ.

---

ಚಾಸಿನಂಬರ್:

ಎಲ್ಲ ಹಾಕಿಸಿದ ಮೇಲೆ ಒಂದು ಕೆಲಸ ಬಾಕಿ. ಮೂವರೂ ಕೂತು, ಟ್ಯಾಂಕ್ ತುಂಬಿಸಿ, ಸಾಮಾನೆಲ್ಲ ಹೇರಿ, ಮಿಕ ಮಲಗುವ ಜಾಗದಲ್ಲಿ 20 ಲೀಟರಿನ ನೀರಿನ ಕ್ಯಾನ್ ಆರು ಕಟ್ಟಿ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿ, ಆಮೇಲೆ ಹಿಂದಿನವು ಮಾತ್ರ. ಒಟ್ಟು ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು, ಅದರ ಅಂಕಿ ಬಾಗಿಲ ಕಂಬದ ಪಟ್ಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಬೇರೆಯಾಗಿ ಇರುತ್ತದೆ. ಮೀರಿದ್ದರೆ ಮೊದಲು ನೀರು, ಡೀಸೆಲ್ ಕ್ಯಾನ್‌ಗಳನ್ನು ಕ್ಯಾಬಿನ್ ಗೋಡೆಗೆ ಆನಿಸಿ, ತೊಟ್ಟಿಯ ಮುಂತುದಿಗೆ ಸರಿಸಿ ಮತ್ತೊಮ್ಮೆ ತೂಗಿ. ಡೀಸೆಲ್ ಮಾತ್ರ ಕ್ಯಾಬಿನ್ನಿನ ಒಳಗೆ ಬೇಡ. ಅದೇ ಭಾರದಲ್ಲಿ ಸಂಜೆ ಗೋಡೆಯ ಮುಂದೆ ನಿಲ್ಲಿಸಿ ಹೆಡ್‌ಲೈಟಿನ ಎತ್ತರವನ್ನೂ ಇಳಿಸಿಕೊಳ್ಳಿ.